ಸಹ್ಥು, ಸಹ್ಥಿ: ಒಂದೇ ಸರೋವರ, ಉಲ್ಟಾ ದನಿ

ಕೆನಡಾದ ವಾಯವ್ಯದಲ್ಲಿ, ಆರ್ಕ್ಟಿಕ್ ವೃತ್ತದ ಮೇಲೇ ಹರಡಿಕೊಂಡಿರುವ ಒಂದು ದೊಡ್ಡ ಸರೋವರ ಇದೆ. ಇಂಗ್ಲಿಷಿನಲ್ಲಿ ಗ್ರೇಟ್ ಬೇರ್ ಲೇಕ್. ಸುಮಾರು 31,000 ಚದರ ಕಿಲೋಮೀಟರ್ ವಿಸ್ತಾರ. ಪೂರ್ತಿ ಕೆನಡಾದೊಳಗೇ ಇರುವ ಸರೋವರಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಇದರ ದಡದಲ್ಲಿರುವ ಒಂದೇ ಊರು ಡೆಲಿನೆ. ಅಲ್ಲಿನವರು ಸರೋವರವನ್ನು ಸಹ್ಥು ಅನ್ನುತ್ತಾರೆ. ತೆಂಕಣಕ್ಕೆ ಬಂದರೆ ತ್ಲಿಚೊ ಜನರ ನಾಡು. ಅವರ ಬಾಯಲ್ಲಿ ಅದೇ ಸರೋವರ ಸಹ್ಥಿ. ಎರಡರ ಅರ್ಥವೂ ಕರಡಿಯ ನೀರು.

ಉಕಾರ ಇಕಾರ ಆಗುವುದು ಅಂಥ ವಿಶೇಷವಲ್ಲ. ನೆರೆಹೊರೆಯ ಭಾಷೆಗಳಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಯೋಚನೆಗೆ ಹಚ್ಚುವುದು ಇನ್ನೊಂದು ವಿಷಯ. ಡೆಲಿನೆಯವರು ಕೊನೆಯ 'ಥು'ವನ್ನು ದನಿ ಏರಿಸಿ ಹೇಳುತ್ತಾರೆ. ತ್ಲಿಚೊದವರು ಕೊನೆಯ 'ಥಿ'ಯನ್ನು ದನಿ ಇಳಿಸಿ ಹೇಳುತ್ತಾರೆ. ಒಂದೇ ಮೂಲದ ಮಾತು, ಒಂದೇ ನೀರು, ದನಿ ಮಾತ್ರ ತಲೆಕೆಳಗು.

ಇದು ಒಂದು ಹೆಸರಿಗೆ ಅಂಟಿದ ಆಕಸ್ಮಿಕವೇ? ಖಂಡಿತ ಅಲ್ಲ. ಇದರ ಹಿಂದೆ ಒಂದು ಇಡೀ ಭಾಷಾ ಕುಟುಂಬದ ಕತೆ ಇದೆ. ಅದನ್ನು ಬಿಡಿಸಲು ವಿದ್ವಾಂಸರಿಗೆ ಅರ್ಧ ಶತಮಾನಕ್ಕೂ ಜಾಸ್ತಿ ಹಿಡಿಯಿತು. ಪ್ರಕರಣವನ್ನು ಪೂರ್ತಿಯಾಗಿ ನೋಡೋಣ.

ಕುಟುಂಬ ಮತ್ತು ಅದರ ಸದ್ದುಗಳು

ಈ ಕುಟುಂಬದ ಹೆಸರು ಅಥಪಾಸ್ಕನ್. ಈಚೆಗೆ ಡೆನೆ ಅನ್ನುವುದೂ ಉಂಟು. ಸುಮಾರು 40 ಭಾಷೆಗಳು. ಅಲಾಸ್ಕಾದ ಒಳನಾಡು, ಕೆನಡಾದ ವಾಯವ್ಯ ಭಾಗ, ಒರೆಗಾನ್ ಮತ್ತು ಕ್ಯಾಲಿಫೋರ್ನಿಯಾದ ಕರಾವಳಿ, ಆಮೇಲೆ ದೂರದ ತೆಂಕಣದಲ್ಲಿ ಅರಿಜೋನಾ, ನ್ಯೂ ಮೆಕ್ಸಿಕೊ. ಡೆಲಿನೆಯಲ್ಲಿ ಆಡುವುದು ಸ್ಲೇವಿ ಭಾಷೆಯ ಬೇರ್‌ಲೇಕ್ ಉಪಭಾಷೆ. ಅದರ ಹತ್ತಿರದ ನೆಂಟರು ತ್ಲಿಚೊ ಮತ್ತು ಚಿಪೆವಯನ್. ಎಲ್ಲರಿಗಿಂತ ಹೆಸರಾದದ್ದು ತೆಂಕಣದ ನವಾಹೊ. ಅದನ್ನಾಡುವವರೇ ಒಂದೂವರೆ ಲಕ್ಷಕ್ಕೂ ಹೆಚ್ಚು. ಚಿಪೆವಯನ್ ಆಡುವ ಫೋರ್ಟ್ ಚಿಪೆವಯನ್ ಊರಿನಿಂದ ನವಾಹೊ ನಾಡಿಗೆ ಸುಮಾರು 2,500 ಕಿಲೋಮೀಟರ್ ದೂರ. ಆದರೂ ನೀರು, ಕಲ್ಲು, ಕಾಲು, ತಲೆ ಅನ್ನುವ ಮಾತುಗಳ ನೆಂಟಸ್ತಿಕೆ ಕಿವಿಗೇ ಗೊತ್ತಾಗುತ್ತದೆ.

ಈ ಭಾಷೆಗಳಲ್ಲಿ ವ್ಯಂಜನಗಳದೇ ದರ್ಬಾರು. ಚಿಪೆವಯನ್‌ನಲ್ಲಿ 35ಕ್ಕೂ ಹೆಚ್ಚು. ನವಾಹೊದಲ್ಲಿ ತುಟಿ ಸೇರಿಸಿ ಹೇಳುವ ವ್ಯಂಜನಗಳು ಬರೀ ಎರಡು, ಬ ಮತ್ತು ಮ. ಆ ಬ ಕೂಡ ನಮ್ಮ ಕಿವಿಗೆ ಮೆತ್ತಗಿನ ಪ ಥರ ಕೇಳುತ್ತದೆ. ಉಳಿದ ಕೆಲಸವೆಲ್ಲ ನಾಲಿಗೆ ಮತ್ತು ಗಂಟಲಿನದು. ಲಕಾರದಲ್ಲೇ ಒಂದು ದಂಡು ಇದೆ. ನಾಲಿಗೆಯನ್ನು ಲ ಹೇಳುವ ಜಾಗದಲ್ಲಿಟ್ಟು, ದನಿ ತೆಗೆಯದೆ, ಎರಡೂ ಪಕ್ಕದಿಂದ ಬರೀ ಗಾಳಿ ಬಿಟ್ಟು ನೋಡಿ. ಆ ಸರಸರ ಸದ್ದೂ ಒಂದು ಅಕ್ಷರ. ಅದರ ಮುಂದೆ ತ್ ಸೇರಿದರೆ ಇನ್ನೊಂದು. ತ್ಲಿಚೊ ಅನ್ನುವ ಹೆಸರಿನ ಮೊದಲ ಸದ್ದು ಅದೇ. ಕನ್ನಡದಲ್ಲಿ 'ತ್ಲ' ಅಂತ ಬರೆದರೆ ಅದರ ಅರ್ಧ ಮಾತ್ರ ಬಂದ ಹಾಗೆ.

ತಕಾರದ ಮೂರು ಬಗೆ ಈ ಪ್ರಕರಣಕ್ಕೆ ಮುಖ್ಯ. ಒಂದು ಅಲ್ಪಪ್ರಾಣ, ನಮ್ಮ ತ. ಇನ್ನೊಂದು ಮಹಾಪ್ರಾಣ, ನಮ್ಮ ಥ. ಇಲ್ಲಿಯವರೆಗೆ ಕನ್ನಡದವರಿಗೆ ಕಷ್ಟವಿಲ್ಲ. ಇಂಗ್ಲಿಷಿನವರು ಇಲ್ಲೇ ತಡವರಿಸುತ್ತಾರೆ. ಮೂರನೆಯದು ಮಾತ್ರ ನಮಗೂ ಹೊಸದು. ಅದರಲ್ಲಿ ತ ಹೇಳುವಾಗಲೇ ಗಂಟಲನ್ನು ಬಿಗಿಯಾಗಿ ಮುಚ್ಚಬೇಕು. ಬಾಯಲ್ಲಿರುವ ಗಾಳಿಯನ್ನಷ್ಟೇ ಒತ್ತಿ ಟಪ್ ಅಂತ ಸಿಡಿಸಬೇಕು. ಇದನ್ನು ಸಿಡಿ ವ್ಯಂಜನ ಅನ್ನೋಣ. ಕ, ಚ, ತ್ಸ, ತ್ಲ ಎಲ್ಲಕ್ಕೂ ಹೀಗೆ ಮೂರು ಮೂರು ರೂಪ.

ಇವುಗಳ ಜೊತೆಗೆ ಗಂಟಲ ತಡೆ ಅನ್ನುವ ಪೂರ್ಣ ಪ್ರಮಾಣದ ವ್ಯಂಜನ ಒಂದಿದೆ. ಬೇಡ ಅನ್ನಲು ಬಾಯಿ ತೆರೆಯದೆ 'ಉಂ ಉಂ' ಅಂತೀವಲ್ಲ, ಆಗ ಎರಡು ಉಂ ನಡುವೆ ಗಂಟಲು ಟಕ್ಕನೆ ಮುಚ್ಚಿ ತೆರೆಯುತ್ತದೆ. ಅದೇ ಗಂಟಲ ತಡೆ. ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲ, ಬೇಕಾಗಿಯೂ ಇಲ್ಲ. ಅಲ್ಲಿ ಅದು ಕ, ಗ ಇದ್ದಷ್ಟೇ ಗಟ್ಟಿ. ಇಲ್ಲಿ ಅದನ್ನು ’ ಗುರುತಿನಿಂದ ತೋರಿಸುತ್ತೇನೆ.

ಸ್ವರಗಳು ಕಡಿಮೆ. ನವಾಹೊದಲ್ಲಿ ಮೂಲ ಸ್ವರಗಳು ನಾಲ್ಕೇ: ಅ, ಎ, ಇ, ಒ. ಆದರೆ ಪ್ರತಿಯೊಂದಕ್ಕೂ ಹ್ರಸ್ವ, ದೀರ್ಘ ಇವೆ. ಮೂಗಿನಿಂದ ಹೇಳುವುದು, ಬಾಯಿಂದ ಹೇಳುವುದು ಅಂತ ಭೇದವಿದೆ. ಅದರ ಮೇಲೆ ಟೋನ್, ಅಂದರೆ ದನಿಯ ಎತ್ತರ. ಮೇಲ್ದನಿ, ಕೆಳದನಿ ಎಂದು ಎರಡು. ವೇದಪಾಠದ ಉದಾತ್ತ, ಅನುದಾತ್ತ ಕೇಳಿದವರಿಗೆ ದನಿಯ ಎತ್ತರ ಮಾತಿನ ಭಾಗವಾಗುವುದು ತೀರಾ ಅಪರಿಚಿತವೇನಲ್ಲ.

ಕನ್ನಡಿಯ ಬಿಂಬ

ಈಗ ನಾಲ್ಕು ಮಾತುಗಳನ್ನು ತೆಗೆದುಕೊಳ್ಳೋಣ. ನವಾಹೊದಲ್ಲಿ ನೀರು 'ಥೊ', ಕಲ್ಲು 'ತ್ಸೆ'. ಎರಡೂ ಮೇಲ್ದನಿ. ಕಾಲು 'ಖೇ’', ತಲೆ ಮತ್ತು ತಲೆಗೂದಲು 'ತ್ಸೀ’'. ಎರಡೂ ಕೆಳದನಿ. ಅಂಗಾಂಗದ ಹೆಸರು ಅಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ. ಯಾರ ಕಾಲು ಅಂತ ಹೇಳಲೇಬೇಕು. 'ಷಿಖೇ’' ಅಂದರೆ ನನ್ನ ಕಾಲು.

ಚಿಪೆವಯನ್‌ಗೆ ಬನ್ನಿ. ನೀರು 'ಥು', ಕಲ್ಲು 'ತ್ಥೆ'. ಎರಡೂ ಕೆಳದನಿ. ಕಾಲು 'ಖೆ', ತಲೆ 'ತ್ಥಿ'. ಎರಡೂ ಮೇಲ್ದನಿ. ನಾಲ್ಕಕ್ಕೆ ನಾಲ್ಕೂ ಉಲ್ಟಾ.

ಇಷ್ಟು ದೂರದ ಭಾಷೆಗಳಲ್ಲಿ ಹೀಗಾದರೆ ಆಗಲಿ ಬಿಡಿ ಅನ್ನಬಹುದು. ಆದರೆ ಬೇರ್‌ಲೇಕ್ ಮತ್ತು ತ್ಲಿಚೊ ಪಕ್ಕಪಕ್ಕದವು. ಕಲ್ಲಿಗೆ ಎರಡರಲ್ಲೂ 'ಕ್ವೆ'. ಬೇರ್‌ಲೇಕ್‌ನಲ್ಲಿ ಕೆಳದನಿ, ತ್ಲಿಚೊದಲ್ಲಿ ಮೇಲ್ದನಿ. ತಲೆಗೆ ಎರಡರಲ್ಲೂ 'ಕ್ವಿ'. ಬೇರ್‌ಲೇಕ್‌ನಲ್ಲಿ ಮೇಲ್ದನಿ, ತ್ಲಿಚೊದಲ್ಲಿ ಕೆಳದನಿ. ವ್ಯಂಜನ ಒಂದೇ, ಸ್ವರ ಒಂದೇ, ದನಿಯಷ್ಟೇ ತಿರುಗುಮುರುಗು. ನನಗೆ ಇಡೀ ಪ್ರಕರಣದಲ್ಲಿ ಅತಿ ಬೆರಗು ಹುಟ್ಟಿಸುವ ಜೋಡಿಗಳು ಇವೇ.

ಅಂದ ಹಾಗೆ, ಸ್ಲೇವಿಯ ಉಪಭಾಷೆಗಳಲ್ಲಿ ಈ ಕಲ್ಲು ಪಡೆದ ರೂಪಗಳೇ ಒಂದು ಸೊಗಸು. ತೆಂಕಣ ಸ್ಲೇವಿಯಲ್ಲಿ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ 'ತ್ಥೆ', ಬೇರ್‌ಲೇಕ್‌ನಲ್ಲಿ 'ಕ್ವೆ', ಹೇರ್ ಉಪಭಾಷೆಯಲ್ಲಿ ತುಟಿ ಹಲ್ಲಿನ ನಡುವೆ ಗಾಳಿ ಬಿಡುವ 'ಫೆ'. ಹಳೆಯ 'ತ್ಸ' ಒಂದೊಂದು ಕಡೆ ಒಂದೊಂದು ಜಾಗಕ್ಕೆ ಹೋಗಿ ನಿಂತಿತು. ವ್ಯಂಜನ ಇಷ್ಟು ಓಡಾಡಿದರೂ ಟೋನ್ ಮಾತ್ರ ಸ್ಲೇವಿಯ ಒಳಗೆ ತನ್ನ ಲೆಕ್ಕ ಬಿಡಲಿಲ್ಲ.

ಮೊದಲ ಊಹೆ

20ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಈ ಭಾಷೆಗಳನ್ನು ಜಾಸ್ತಿ ಬರೆದುಕೊಂಡವರು ಅಮೆರಿಕದ ವಿದ್ವಾಂಸ ಪ್ಲೈನಿ ಗೊಡ್ಡಾರ್ಡ್. ಅವರ ಬರಹಗಳಲ್ಲಿ ಟೋನ್ ಇರಲಿಲ್ಲ. 1922ರಲ್ಲಿ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಕ್ಯಾಲ್ಗರಿಯ ಹತ್ತಿರದ ಸಾರ್ಸಿ ಜನರ ನಡುವೆ ಕೂತು ಆ ಭಾಷೆ ಬರೆದುಕೊಂಡರು. ಈಗ ಅದನ್ನು ಸುತ್ತಿನಾ ಅನ್ನುತ್ತಾರೆ. ದನಿಯ ಎತ್ತರ ಅಲ್ಲಿ ಅರ್ಥವನ್ನೇ ಬದಲಿಸುತ್ತದೆ ಎಂದು ಅವರ ಕಿವಿ ಹಿಡಿಯಿತು. 1925ರಲ್ಲಿ ಅದನ್ನು ಅಚ್ಚು ಮಾಡಿಸಿದರು.

ಸಪೀರರಿಗೆ ಹೊಳೆದದ್ದು ದೊಡ್ಡ ಯೋಚನೆ. ಇಷ್ಟು ಭಾಷೆಗಳಲ್ಲಿ ಟೋನ್ ಇದ್ದರೆ ಅದು ತಾಯಿ ಭಾಷೆಯಿಂದಲೇ, ಅಂದರೆ ಇವೆಲ್ಲ ಕವಲೊಡೆದ ಮೂಲ ಭಾಷೆಯಿಂದಲೇ ಬಂದಿರಬೇಕು, ಅಲ್ವಾ? ಚೀನೀ, ಟಿಬೆಟನ್ ಕಡೆಗೂ ನೆಂಟಸ್ತಿಕೆ ಇರಬಹುದು ಎಂದು ಅವರು ಆಗಲೇ ಯೋಚಿಸುತ್ತಿದ್ದರು. ಟೋನ್ ಆ ಊಹೆಗೆ ಚೆನ್ನಾಗಿ ಹೊಂದುತ್ತಿತ್ತು.

ಅವರ ಶಿಷ್ಯ ಲೀ ಫಾಂಗ್‌ಕ್ವೇ ಚೀನಾದಲ್ಲಿ ಹುಟ್ಟಿದವರು. 1928ರ ಬೇಸಗೆಯಲ್ಲಿ ಫೋರ್ಟ್ ಚಿಪೆವಯನ್‌ಗೆ ಹೋದರು. ಅಲ್ಲಿ ಫ್ರಾಂಸ್ವಾ ಮ್ಯಾಂಡೆವಿಲ್ ಎಂಬ ಬಹುಭಾಷಿಕ ಕತೆಗಾರರು ಕತೆ ಹೇಳಿದರು, ಲೀ ಟೋನ್ ಸಮೇತ ಬರೆದುಕೊಂಡರು. ಆ ಕತೆಗಳು ಪುಸ್ತಕವಾದದ್ದು 1976ರಲ್ಲಿ. ಮುಂದೆ ಲೀ ಥಾಯ್ ಕುಟುಂಬದ ಭಾಷೆಗಳ ದೊಡ್ಡ ವಿದ್ವಾಂಸರಾದರು.

ಲೀ ಅವರ ಚಿಪೆವಯನ್ ಪಟ್ಟಿಯನ್ನು ಸಪೀರರ ಸಾರ್ಸಿ ಮತ್ತು ನವಾಹೊ ಟಿಪ್ಪಣಿಗಳ ಪಕ್ಕ ಇಟ್ಟರೆ ಈ ಉಲ್ಟಾ ಹೊಂದಾಣಿಕೆ ಕಾಣುತ್ತದೆ. ತಾಯಿ ಭಾಷೆಯಲ್ಲಿ ಟೋನ್ ಇತ್ತು ಅಂತ ಇಟ್ಟುಕೊಂಡರೆ, ಅರ್ಧ ಮಕ್ಕಳು ಅದನ್ನು ಹಾಗೇ ಉಳಿಸಿಕೊಂಡರು, ಇನ್ನರ್ಧ ಮಕ್ಕಳು ಪೂರ್ತಿ ಮಗುಚಿ ಹಾಕಿದರು ಅನ್ನಬೇಕಾಗುತ್ತದೆ. ಅದನ್ನು ಒಪ್ಪುವುದು ಕಷ್ಟ. ಮಗುಚಲು ಕಾರಣ ಏನು ಅನ್ನುವುದಕ್ಕೆ ಈ ಊಹೆಯಲ್ಲಿ ಉತ್ತರವಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ನಂಟನ್ನು ಹೇಳಲೇಬೇಕು. 1931ರಿಂದ ಸಪೀರ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಅವರ ಬಳಿ ಕ್ಷೇತ್ರಕಾರ್ಯದ ಪಾಠ ಕಲಿತವರಲ್ಲಿ ಎಂ. ಬಿ. ಎಮಿನೊ ಒಬ್ಬರು. 1935ರಿಂದ 1938ರವರೆಗೆ ಭಾರತದಲ್ಲಿದ್ದು ತೊದ, ಕೋತ, ಕೊಡವ ಭಾಷೆಗಳನ್ನು ಬರೆದುಕೊಂಡವರು ಅವರೇ. ಕೊಡವ ತಕ್ಕ್‌ನ ಸ್ವರಗಳನ್ನು ಕೂದಲು ಸೀಳಿದ ಹಾಗೆ ಗುರುತಿಸಿದ ಕಿವಿ, ಸಾರ್ಸಿಯ ಟೋನ್ ಹಿಡಿದ ಗುರುವಿನ ಕೈಯಲ್ಲಿ ಪಳಗಿದ್ದು. ಕೇಳಿದ್ದನ್ನು ಕೇಳಿದ ಹಾಗೇ ಬರೆ ಎಂಬ ಆ ಶಿಸ್ತು ಇಲ್ಲದಿದ್ದರೆ ಈ ಪ್ರಕರಣ ಶುರುವೇ ಆಗುತ್ತಿರಲಿಲ್ಲ.

ಟೋನ್ ಇಲ್ಲದವರ ಸಾಕ್ಷಿ

ಉತ್ತರ ಸಿಕ್ಕಿದ್ದು ಟೋನ್ ಇಲ್ಲದ ಕಡೆ. ಅಲಾಸ್ಕಾದ ಆಟ್ನಾ ಭಾಷೆಯಲ್ಲಿ ಟೋನ್ ಇಲ್ಲ. ಅಲ್ಲಿ ನೀರು 'ಥೂ', ಕಾಲು 'ಖೆ’'. ಕಾಲಿನ ಕೊನೆಯಲ್ಲಿ ಗಂಟಲ ತಡೆ ಇದೆ, ನೀರಿನ ಕೊನೆಯಲ್ಲಿ ಇಲ್ಲ. ನವಾಹೊದ ಕೆಳದನಿಯ ಕಾಲು, ಚಿಪೆವಯನ್‌ನ ಮೇಲ್ದನಿಯ ಕಾಲು, ಎರಡೂ ಬಂದದ್ದು ಗಂಟಲು ಮುಚ್ಚುವ ಮಾತಿನಿಂದ. ನೀರು, ಕಲ್ಲು ಬಂದದ್ದು ಗಂಟಲು ತೆರೆದೇ ಇರುವ ಮಾತಿನಿಂದ. ಮಾತಿನ ಬುಡದ, ಅಂದರೆ ಪ್ರತ್ಯಯ ಸೇರದ ಮೂಲ ರೂಪದ, ಕೊನೆಯಲ್ಲಿ ಸಿಡಿ ವ್ಯಂಜನ ಇದ್ದ ಕಡೆಯೂ ಇದೇ ಲೆಕ್ಕ.

ಈ ಎಳೆಯನ್ನು ಹಿಡಿದು ಕೊನೆಯವರೆಗೆ ಹೋದವರು ಅಲಾಸ್ಕಾ ವಿಶ್ವವಿದ್ಯಾಲಯದ ಮೈಕಲ್ ಕ್ರಾಸ್. ಅಥಪಾಸ್ಕನ್‌ನ ಅತಿ ಹತ್ತಿರದ ಬಂಧು ಎಯಾಕ್ ಭಾಷೆಯನ್ನು ಅವರು 1960ರ ದಶಕದಿಂದಲೇ ಬರೆದುಕೊಳ್ಳುತ್ತಿದ್ದರು. ಎಯಾಕ್‌ನಲ್ಲೂ ಟೋನ್ ಇರಲಿಲ್ಲ, ಆದರೆ ಗಂಟಲು ಬಿಗಿದು ಹೇಳುವ ಸ್ವರಗಳಿದ್ದವು. ಆ ಭಾಷೆಯ ಕೊನೆಯ ಮಾತುಗಾರ್ತಿ ಮೇರಿ ಸ್ಮಿತ್ ಜೋನ್ಸ್ 2008ರ ಜನವರಿಯಲ್ಲಿ ತೀರಿಕೊಂಡರು. ಬರೆದುಕೊಳ್ಳುವುದು ಇನ್ನಷ್ಟು ತಡವಾಗಿದ್ದರೆ ಈ ಸಾಕ್ಷಿ ನಮಗೆ ಸಿಗುತ್ತಲೇ ಇರಲಿಲ್ಲ.

ಕ್ರಾಸ್ ಹೇಳಿದ್ದು ಇಷ್ಟು. ತಾಯಿ ಭಾಷೆಯಲ್ಲಿ ಟೋನ್ ಇರಲಿಲ್ಲ, ಗಂಟಲ ಬಿಗಿತ ಇತ್ತು. ಆ ಬಿಗಿತ ಸ್ವರದ ಮೇಲೆ ಒಂದು ಬಣ್ಣ ಬಿಟ್ಟಿತು. ಮುಂದೆ ಆ ಬಣ್ಣವೇ ಟೋನ್ ಆಯಿತು. ಒಂದು ಗುಂಪಿನಲ್ಲಿ ಅದು ಮೇಲ್ದನಿ, ಇನ್ನೊಂದು ಗುಂಪಿನಲ್ಲಿ ಕೆಳದನಿ. ಹಾಗಾಗಿ ಯಾರೂ ಯಾರ ಟೋನನ್ನೂ ಮಗುಚಲಿಲ್ಲ. 1979ರಿಂದ ಕೈಯಿಂದ ಕೈಗೆ ಹರಿದಾಡುತ್ತಿದ್ದ ಅವರ ಈ ಬರಹ ಅಚ್ಚಾದದ್ದು 2005ರಲ್ಲಿ. ಭಾಷಾವಿಜ್ಞಾನಿ ಜೆಫ್ ಲೀರ್ ಕೂಡ ಇದೇ ದಾರಿಯಲ್ಲಿ ದೊಡ್ಡ ಕೆಲಸ ಮಾಡಿದರು.

ವ್ಯಂಜನ ಸವೆದು ಟೋನ್ ಹುಟ್ಟುವುದು ನಮ್ಮ ದೇಶದಲ್ಲೂ ಉಂಟು. ಪಂಜಾಬಿಯವರು ಮನೆಗೆ ಹೇಳುವ 'ಘರ್' ಅನ್ನು ಕಿವಿಗೊಟ್ಟು ಕೇಳಿ. 'ಕರ್' ಅಂದ ಹಾಗೆ ಕೇಳುತ್ತದೆ, ದನಿ ಮಾತ್ರ ಕೆಳಗೆ ಜಾರಿರುತ್ತದೆ. ಘಕಾರ ಹೋಯಿತು, ಹೋಗುವಾಗ ತನ್ನ ಜಾಗದಲ್ಲಿ ಕೆಳದನಿ ಇಟ್ಟು ಹೋಯಿತು. ವಿಯೆಟ್ನಾಮಿಯ ಟೋನ್‌ಗಳೂ ಹೀಗೇ ವ್ಯಂಜನಗಳಿಂದ ಹುಟ್ಟಿದವು ಎಂದು ಫ್ರೆಂಚ್ ಭಾಷಾವಿಜ್ಞಾನಿ ಒಡ್ರಿಕೂರ್ 1954ರಲ್ಲೇ ತೋರಿಸಿದ್ದರು.

ಒಂದೇ ಬಿಗಿತದಿಂದ ಎರಡು ವಿರುದ್ಧ ದನಿ ಹೇಗೆ ಬರುತ್ತದೆ? ಇದಕ್ಕೆ ಧ್ವನಿವಿಜ್ಞಾನಿ ಜಾನ್ ಕಿಂಗ್ಸ್ಟನ್ ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಗಂಟಲು ಮುಚ್ಚಲು ಎರಡು ದಾರಿಗಳಿವೆ. ಧ್ವನಿತಂತುಗಳನ್ನು ಎಳೆದು ಬಿಗಿ ಮಾಡಿ ಮುಚ್ಚಬಹುದು. ಆಗ ಪಕ್ಕದ ಸ್ವರದ ದನಿ ಏರುತ್ತದೆ. ಇಲ್ಲವೇ ತಂತುಗಳನ್ನು ಕುಗ್ಗಿಸಿ, ದಪ್ಪ ಮಾಡಿ ಒತ್ತಿ ಮುಚ್ಚಬಹುದು. ಆಗ ಸ್ವರ ಕರಕರ ಅನ್ನುತ್ತದೆ, ದನಿ ಇಳಿಯುತ್ತದೆ. ನೀವೇ ಮಾಡಿ ನೋಡಿ. 'ಆ' ಅಂತ ಶುರು ಮಾಡಿ ಗಂಟಲನ್ನು ಒಮ್ಮೆ ಬಿಗಿಯಾಗಿ ಕತ್ತರಿಸಿ ನಿಲ್ಲಿಸಿ, ಇನ್ನೊಮ್ಮೆ ನಿದ್ದೆಗಣ್ಣಿನಲ್ಲಿ ಮಾತಾಡುವಾಗಿನ ಕರಕರ ದನಿಯಲ್ಲಿ ನಿಲ್ಲಿಸಿ. ಎರಡೂ ಸಲ ಗಂಟಲು ಮುಚ್ಚುತ್ತದೆ, ಕೊನೆಯ ದನಿ ಮಾತ್ರ ಬೇರೆ ಬೇರೆ.

ಕರಡಿಯ ನೀರಿಗೆ ವಾಪಸ್

ಇಲ್ಲಿ ಒಂದು ಪ್ರಶ್ನೆ ಏಳಬೇಕು. ನೀರಿನ ಮಾತಿಗೆ ಗಂಟಲ ತಡೆ ಇರಲಿಲ್ಲ ಅಂದೆವು. ಬೇರ್‌ಲೇಕ್‌ನಲ್ಲಿ ಬಿಡಿಯಾಗಿ ನೀರು ಅಂದರೆ 'ಥು', ಕೆಳದನಿ. ಹಾಗಾದರೆ ಸಹ್ಥುವಿನ ಕೊನೆ ಮೇಲ್ದನಿ ಯಾಕೆ?

ಅದು ಬರೀ ನೀರಲ್ಲ, ಕರಡಿಯ ನೀರು. ಈ ಕುಟುಂಬದಲ್ಲಿ ಯಾವುದೋ ಒಂದು ಇನ್ಯಾರದೋ ಆದಾಗ ಅದರ ಕೊನೆಗೆ ಪುಟ್ಟದೊಂದು ಪ್ರತ್ಯಯ ಸೇರುತ್ತಿತ್ತು. ಅದು ಮುಗಿಯುತ್ತಿದ್ದದ್ದು ಗಂಟಲ ತಡೆಯಲ್ಲಿ. ಆಟ್ನಾದಲ್ಲಿ ಅದು ಇಂದಿಗೂ ಕಿವಿಗೆ ಬೀಳುತ್ತದೆ. ಕಾಪರ್ ನದಿಯ ಹೆಸರಿನಲ್ಲಿ ನೀರಿನ ಮಾತು 'ಥೂ’' ಅಂತ ಗಂಟಲು ಮುಚ್ಚಿ ನಿಲ್ಲುತ್ತದೆ. ನವಾಹೊದಲ್ಲಿ ಬರೀ ನೀರು 'ಥೊ', ಮೇಲ್ದನಿ. ಅವನ ನೀರು ಅಂದರೆ 'ಬಿಥೊ’'. ಗಂಟಲ ತಡೆ ಬಂತು, ದನಿ ಕೆಳಗಿಳಿಯಿತು. ಬೇರ್‌ಲೇಕ್‌ನಲ್ಲಿ ಅದೇ ಜಾಗದಲ್ಲಿ ತಡೆ ಸವೆದು ಹೋಯಿತು, ದನಿ ಮೇಲೇರಿ ಸಹ್ಥು ಆಯಿತು. ತ್ಲಿಚೊದಲ್ಲಿ ನೀರು 'ಥಿ', ಮೇಲ್ದನಿ. ಕರಡಿಯದಾದಾಗ ದನಿ ಇಳಿದು ಸಹ್ಥಿ ಆಯಿತು.

ನಾಲ್ಕು ಭಾಷೆ, ಒಂದೇ ನೀರು, ಒಂದೇ ಒಡೆತನದ ಗುರುತು. ಒಂದು ತಡೆಯನ್ನೇ ಉಳಿಸಿಕೊಂಡಿತು, ಒಂದು ತಡೆ ಮತ್ತು ಕೆಳದನಿ ಎರಡನ್ನೂ ಇಟ್ಟುಕೊಂಡಿತು, ಒಂದು ದನಿ ಏರಿಸಿತು, ಒಂದು ಇಳಿಸಿತು. ಊಹೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಬರವಣಿಗೆಯಲ್ಲಿ

ಈ ಇತಿಹಾಸ ಅವರ ಕಾಗುಣಿತದಲ್ಲೂ ಕಾಣುತ್ತದೆ. ರೋಮನ್ ಲಿಪಿಯಲ್ಲಿ ಸ್ಲೇವಿ ಬರೆಯುವವರು ಮೇಲ್ದನಿಗೆ ಗುರುತು ಹಾಕುತ್ತಾರೆ, ಕೆಳದನಿಯನ್ನು ಸುಮ್ನೆ ಬಿಡುತ್ತಾರೆ. ತ್ಲಿಚೊದವರು ಕೆಳದನಿಗೆ ಗುರುತು ಹಾಕಿ ಮೇಲ್ದನಿಯನ್ನು ಬಿಡುತ್ತಾರೆ. ಎರಡೂ ಕಡೆ ಗುರುತು ಬೀಳುವುದು ಹಿಂದೊಮ್ಮೆ ಗಂಟಲು ಬಿಗಿದ ಜಾಗದ ಮೇಲೇ. ತ್ಲಿಚೊ ಊರುಗಳಾದ ವಾಥಿ, ಗಮೆಥಿಗಳ ಹೆಸರು ಬರೆಯುವಾಗ ಕೊನೆಯ ಇಕಾರದ ಮೇಲೆ ಇಳಿಗೆರೆ ಬರುವುದು ಇದಕ್ಕೇ.

ಗಂಟಲ ತಡೆಗೆ ಅಲ್ಲಿನ ಕೆಲವು ಭಾಷೆಗಳು ಬಳಸುವ ಗುರುತು, ಕೆಳಗಿನ ಚುಕ್ಕಿ ಇಲ್ಲದ ಪ್ರಶ್ನೆ ಚಿಹ್ನೆಯ ಹಾಗಿರುತ್ತದೆ. 2014ರಲ್ಲಿ ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಚಿಪೆವಯನ್ ತಾಯಿಯೊಬ್ಬರು ಮಗಳ ಹೆಸರಿನಲ್ಲಿ ಆ ಗುರುತು ಬರೆದು ಜನನ ನೋಂದಣಿಗೆ ಕೊಟ್ಟರು. ಅದು ರೋಮನ್ ಅಕ್ಷರವಲ್ಲ ಎಂದು ನೋಂದಣಿಯವರು ಒಪ್ಪಲಿಲ್ಲ. ಅದರ ಬದಲು ಅಡ್ಡಗೆರೆ ಹಾಕಬೇಕಾಯಿತು. ಆ ಪ್ರಾಂತ್ಯದಲ್ಲಿ 11 ಅಧಿಕೃತ ಭಾಷೆಗಳಿವೆ, ಅದರಲ್ಲಿ ಐದು ಇದೇ ಕುಟುಂಬದವು. ಭಾಷೆ ಅಧಿಕೃತ, ಅದರ ಒಂದು ವ್ಯಂಜನ ಮಾತ್ರ ಅನಧಿಕೃತ ಅನ್ನುವುದು ನನ್ನ ಪ್ರಕಾರ ಅನ್ಯಾಯ. ಕಮಲಾಳ ಹೆಸರಿನಲ್ಲಿ ಮಕಾರ ತೆಗೆದು ಗೆರೆ ಎಳೆಯಿರಿ ಅಂದರೆ ನಾವು ಒಪ್ಪುತ್ತೇವೆಯೇ?

ಇನ್ನೂ ಬಿಡಿಸದ ಗಂಟು

ಎರಡು ಗುಂಪುಗಳು ನಕ್ಷೆಯಲ್ಲಿ ಎರಡು ಕಡೆ ಇದ್ದಿದ್ದರೆ ಕತೆ ಸರಾಗವಾಗುತ್ತಿತ್ತು. ಹಾಗಿಲ್ಲ. ಹಳೆಯ ಬಿಗಿತ ಯಾವ ಭಾಷೆಯಲ್ಲಿ ಏನಾಯಿತು ಅಂತ ನೋಡಿ: ಗ್ವಿಚಿನ್ ಕೆಳದನಿ, ಸ್ಲೇವಿ ಮೇಲ್ದನಿ, ತ್ಲಿಚೊ ಕೆಳದನಿ, ಚಿಪೆವಯನ್ ಮೇಲ್ದನಿ, ಸಾರ್ಸಿ ಕೆಳದನಿ. ಬೀವರ್ ಭಾಷೆಯ ಉಪಭಾಷೆಗಳಲ್ಲೇ ಎರಡೂ ಸಿಗುತ್ತವೆ. ಅಲಾಸ್ಕಾದಲ್ಲಿ ತಾನಾಕ್ರಾಸ್ ಮತ್ತು ಅಪ್ಪರ್ ತಾನಾನಾ ಒಂದೇ ನದಿ ಕಣಿವೆಯ ನೆರೆಯವು. ತಾನಾಕ್ರಾಸ್‌ನಲ್ಲಿ ಬಿಗಿತ ಮೇಲ್ದನಿಯಾಯಿತು, ಅಪ್ಪರ್ ತಾನಾನಾದಲ್ಲಿ ಕೆಳದನಿ. ತಲೆಮಾರುಗಳಿಂದ ಹೆಣ್ಣು ಕೊಟ್ಟು ತಂದುಕೊಂಡ ಊರುಗಳು, ಎರಡೂ ಮಾತು ಬಲ್ಲ ಮನೆಗಳು. ಹೀಗಿದ್ದೂ ಗಂಟಲು ಮುಚ್ಚುವ ದಾರಿ ಇಲ್ಲೊಂದು ಅಲ್ಲೊಂದು ಆದದ್ದು ಹೇಗೆ?

ಬಹುಶಃ ಮೊದಲು ಒಂದೇ ಊರಿನಲ್ಲಿ ಎರಡೂ ದಾರಿಗಳು ಬಳಕೆಯಲ್ಲಿದ್ದವು, ಆಮೇಲೆ ಒಂದೊಂದು ಸಮುದಾಯ ಒಂದೊಂದನ್ನು ಗಟ್ಟಿ ಮಾಡಿಕೊಂಡಿತು ಎಂದು ನನಗನ್ನಿಸುತ್ತದೆ. ಅದನ್ನು ತಾಳೆ ನೋಡಲು ಹಳೆಯ ದನಿಮುದ್ರಿಕೆಗಳು ಬೇಕು. ಫೇರ್‌ಬ್ಯಾಂಕ್ಸ್‌ನ ಅಲಾಸ್ಕಾ ನೇಟಿವ್ ಲ್ಯಾಂಗ್ವೇಜ್ ಆರ್ಕೈವ್‌ನಲ್ಲಿ ಈ ಭಾಷೆಗಳ ಟೇಪುಗಳಿವೆ. ಹಿರಿಯರು 'ನನ್ನ ಕಾಲು', 'ನನ್ನ ತಲೆ' ಎಂದು ನಿಧಾನವಾಗಿ ಹೇಳುವ ಪದಪಟ್ಟಿಗಳಲ್ಲಿ ಕೊನೆಯ ಸ್ವರ ಬಿಗಿಯಾಗಿ ಕತ್ತರಿಸುತ್ತದೋ, ಕರಕರ ಅನ್ನುತ್ತದೋ, ಅದನ್ನು ಒಬ್ಬೊಬ್ಬ ಮಾತುಗಾರರಿಗೂ ಅಳೆದು ಬರೆಯಬಹುದು.